ಥಳುಕಯ್ಯನ ಕೆರೆ ಮತ್ತು ಮಜ್ಜಿಗೆ ಗಡಿಗೆಯ ಗಾಜು

ಬಹಳ ಬಹಳ ಹಿಂದೆ, ಏಳು ಕೆರೆಗಳ ಆಚೆ, ತಿಳಿನೀರುಪುರ ಎಂಬ ರಾಜ್ಯವಿತ್ತು. ಅಲ್ಲಿ ಸೋಮಲೆ ಎಂಬ ಹೆಂಗಸು ಕ್ಯಾಮೆರಾದಲ್ಲಿ ಚಿತ್ರ ತೆಗೆದು ಬದುಕುತ್ತಿದ್ದಳು. ಆ ಕಾಲದಲ್ಲಿ ಕ್ಯಾಮೆರಾ ಎಲ್ಲಿತ್ತು ಎಂದು ಕೇಳಬೇಡಿ. ಮಾತಾಡುವ ಹಕ್ಕಿ ಇದ್ದ ಮೇಲೆ ಕ್ಯಾಮೆರಾ ಇರಬಾರದೇ?

ಅವಳ ಗಂಡ ಕೇತಯ್ಯ ದೋಣಿ ನಡೆಸುವವನು. ಒಂದು ದಿನ ಕೆರೆಯ ಮಾಂತ್ರಿಕ ಥಳುಕಯ್ಯ ಅವನನ್ನು ದೋಣಿಯಿಂದ ಎಳೆದು ನೀರಿನ ತಳದಲ್ಲಿ ಕೂರಿಸಿಬಿಟ್ಟ. ದಡದಿಂದ ನೋಡಿದರೆ ಕಣ್ಣು ಕುಕ್ಕುವ ಹೊಳಪು ಬಿಟ್ಟು ಬೇರೇನೂ ಕಾಣದು. ಸೋಮಲೆ ಅತ್ತು ಬೇಡಿಕೊಂಡಾಗ ಥಳುಕಯ್ಯ ಒಂದು ಷರತ್ತು ಹಾಕಿದ. ತಳದಲ್ಲಿರುವ ಗಂಡನನ್ನು ಇದ್ದದ್ದು ಇದ್ದ ಹಾಗೆ ಚಿತ್ರದಲ್ಲಿ ತೋರಿಸಿದರೆ ಬಿಡುತ್ತಾನೆ. ಮೂರು ಸಲ ತಪ್ಪಿದರೆ ಅವಳೂ ಕೆರೆಯ ಪಾಲು.

ಲೆನ್ಸಿಗೆ ಹೊಳಪು ತಡೆಯುವ ಫಿಲ್ಟರ್ ಎಂಬ ಗಾಜಿನ ಬಿಲ್ಲೆ ಬೇಕಾಯಿತು. ಸೋಮಲೆ ಗಾಜು ಮಾಡುವ ಮಾದಜ್ಜನ ಅಂಗಡಿಗೆ ಓಡಿ, ಚಿನ್ನದ ಅಂಚಿನ ಫಿಲ್ಟರ್ ತಂದಳು. ಚಿತ್ರದಲ್ಲಿ ಕೇತಯ್ಯ ಅರಿಸಿನ ಮೆತ್ತಿದ ಮದುಮಗನ ಹಾಗೆ ಹಳದಿಯಾಗಿ ಬಂದ. ಇವನಲ್ಲ ಎಂದ ಥಳುಕಯ್ಯ. ಮರುದಿನ ರತ್ನದ ಅಂಚಿನದು ತಂದಳು. ಮಸುಕಾಗಿ ಇಬ್ಬರು ಕೇತಯ್ಯಂದಿರು ಬಂದರು. ನಾನು ಹಿಡಿದದ್ದು ಒಬ್ಬನನ್ನೇ ಎಂದು ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಉಳಿದದ್ದು ಒಂದೇ ಸಲ ಎಂದು ಸೋಮಲೆ ದಡದ ಮರದ ಕೆಳಗೆ ಕುಸಿದು ಕೂತಳು.

ನೀರೊಳಗಿನ ಮೀನನ್ನು ನೋಡಿಯೇ ಹೊಟ್ಟೆ ಹೊರೆಯುವ ಮಿಂಚುಳ್ಳಿಯೊಂದು ಕೊಂಬೆಯ ಮೇಲಿಂದ ಇದನ್ನೆಲ್ಲ ನೋಡುತ್ತಿತ್ತು.

"ಅಕ್ಕಾ, ಎರಡು ಸಲವೂ ಅಂಚು ನೋಡಿ ಆರಿಸಿದೆ," ಎಂದಿತು. "ಗಾಜು ನೋಡಿದೆಯಾ?"

ಸೋಮಲೆಗೆ ನಾಚಿಕೆಯಾಯಿತು. ಬೆಳಗಾದೊಡನೆ ಅಂಗಡಿಯಲ್ಲಿ ಕೂತು ಒಂದೊಂದೇ ಫಿಲ್ಟರನ್ನು ಬಿಳಿ ಬಟ್ಟೆಯ ಮೇಲಿಟ್ಟು ನೋಡಿದಳು. ಬಟ್ಟೆಗೆ ಬಣ್ಣ ಬಳಿದದ್ದನ್ನು ಬದಿಗಿಟ್ಟಳು. ಉಳಿದವನ್ನು ದೀಪದ ಎದುರು ಹಿಡಿದು, ಎರಡು ದೀಪ ತೋರಿಸಿದ್ದನ್ನೂ ಬದಿಗಿಟ್ಟಳು. ಕಡೆಗೆ ಒಂದೂ ಉಳಿಯಲಿಲ್ಲ. ಅವಳ ಮುಖ ನೋಡಲಾರದೆ ಮಾದಜ್ಜ ಮಜ್ಜಿಗೆ ಕೊಡಲು ಗಡಿಗೆಯ ಮುಚ್ಚಳ ತೆಗೆದ. ಅದೂ ಫಿಲ್ಟರೇ, ಹಿತ್ತಾಳೆ ಅಂಚಿನದು.

"ಒಳ್ಳೇ ಗಾಜೇ ಕಣವ್ವ," ಎಂದ ಅಜ್ಜ. "ಅಂಚು ಹೊಳೆಯಲ್ಲ ಅಂತ ಯಾರೂ ಕೇಳಲಿಲ್ಲ."

ಸೋಮಲೆ ಅದನ್ನು ತೊಳೆದು ಪರೀಕ್ಷಿಸಿದಳು. ಬಿಳಿ ಬಿಳಿಯಾಗಿಯೇ ಉಳಿಯಿತು, ದೀಪ ಒಂದೇ ಕಂಡಿತು. ಅಂಗಡಿಯ ನೀರಿನ ಬಾನಿಯ ಮೇಲೆ ಹಿಡಿದು ಅಂಚನ್ನು ಮೆಲ್ಲಗೆ ತಿರುಗಿಸಿದಾಗ ನೀರಿನ ಹೊಳಪು ಆರಿ, ತಳದ ಬಿರುಕು ಕೂಡ ಕಂಡಿತು. ಅವಳಿಗೆ ಹೋದ ಜೀವ ಬಂದಂತಾಯಿತು.

ಕೆರೆಯ ದಡದಲ್ಲಿ ಅದನ್ನು ಲೆನ್ಸಿಗೆ ಹಾಕಿ ತಿರುಗಿಸಿ ಚಿತ್ರ ತೆಗೆದಳು. ಥಳುಕಯ್ಯ ಚಿತ್ರದ ಕೇತಯ್ಯನ ಹುಬ್ಬಿನ ಗಾಯದಿಂದ ತಲೆಯ ನರೆಯವರೆಗೆ ತಪ್ಪು ಹುಡುಕಿದ. ಸಿಗಲಿಲ್ಲ. ಮೈಯೆಲ್ಲ ಬರೀ ಹೊಳಪೇ ಆಗಿದ್ದ ಮಾಂತ್ರಿಕ ಸೋತೊಡನೆ ಕೆರೆಯ ಹೊಳಪಿನ ಜೊತೆಗೇ ಕರಗಿಹೋದ.

ಕೇತಯ್ಯ ನೀರು ಸುರಿಸುತ್ತ ದಡ ಹತ್ತಿ, ಚಿತ್ರ ಇಸಿದುಕೊಂಡು ನೋಡಿದ.

"ನನ್ನ ತಲೆ ಇಷ್ಟು ನರೆತಿದೆಯಾ?" ಎಂದ ಬೇಸರದಿಂದ.

"ಹೂಂ," ಎಂದಳು ಸೋಮಲೆ, ಸೆರಗಿನಿಂದ ಅವನ ತಲೆ ಒರೆಸುತ್ತ. "ಅದು ಕಂಡದ್ದಕ್ಕೇ ನೀವು ಮನೆಗೆ ಬರ್ತಿರೋದು."

ಆಮೇಲೆ ಅವರೂ ಸುಖವಾಗಿದ್ದರು, ತಿಳಿನೀರುಪುರವೂ ಸುಖವಾಗಿತ್ತು. ಮಾದಜ್ಜನ ಮಜ್ಜಿಗೆ ಗಡಿಗೆಗೆ ಸೋಮಲೆ ಒಂದು ಮರದ ಮುಚ್ಚಳ ಮಾಡಿಸಿಕೊಟ್ಟಳು.