ಹೇಳಿಕೊಡದ ಮಾತು

"ನೀನಾ... ಅಲ್ಲ, ನೀವಾ?"

ಕೊಳ್ಳೇಗಾಲದ ಹೈಸ್ಕೂಲಿನ ಮೆಟ್ಟಿಲ ಮೇಲೆ ಕನ್ನಡ ಮೇಷ್ಟ್ರು ವೆಂಕಟಸ್ವಾಮಿ ನಿಂತುಬಿಟ್ಟ. ಅನಸೂಯ ಕಣ್ಣು ತಗ್ಗಿಸಲಿಲ್ಲ.

"ನಾನೇ ಮೇಷ್ಟ್ರೇ. ಇವತ್ತಿನಿಂದ ಇಲ್ಲಿ ನಾಟಕ ಕಲಿಸೋಳು ನಾನು!"

ಅವನ ಮುಖ ಅರಳಿತು. ಅದನ್ನು ಕಂಡು ಅವಳ ಎದೆ ಉರಿಯಿತು. ನಗ್ತಾನೆ... ಎಲ್ಲಾ ಮರೆತವನ ಹಾಗೆ!

ಅವಳು ಮರೆತಿರಲಿಲ್ಲ. ಇಬ್ಬರೂ ನೇಕಾರರ ಬೀದಿಯವರು, ಇದೇ ಶಾಲೆಯಲ್ಲಿ ಓದಿದವರು. ಆಗ ಮಕ್ಕಳ ನಾಟಕ ಆಡಿಸುತ್ತಿದ್ದವನು ಅವನೇ. ರಾಣಿಯ ಪಾತ್ರ ಅವಳದು. ಇನ್ನೇನು ಪ್ರದರ್ಶನ ಎನ್ನುವಾಗ ಎಲ್ಲರೆದುರು ಅಂದಿದ್ದ, "ಅನಸೂಯಂಗೆ ಆಕ್ಟಿಂಗ್ ಬರಲ್ಲ. ರಾಣಿ ಪಾರ್ಟು ಬಸವಣ್ಣ ಮಾಡ್ತಾನೆ."

ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ಅವನ ಮೇಲೆ ಅವಳಿಗೆ ಮನಸ್ಸಿತ್ತು. ಅದಕ್ಕೇ ಆ ನಗು ಇನ್ನೂ ಆಳಕ್ಕಿಳಿಯಿತು.

ಕೊಳ್ಳೇಗಾಲ ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲ ಅದು. ಅವಳು ಹಟ ಹಿಡಿದು ಮೈಸೂರಿಗೆ ಹೋದಳು, ಟೀಚರ್ ಟ್ರೈನಿಂಗ್ ಮುಗಿಸಿದಳು, ಮಹಿಳಾ ಸಮಾಜದಲ್ಲಿ ನಾಟಕ ಕಲಿತಳು. ಬಂದ ಸಂಬಂಧಗಳನ್ನೆಲ್ಲ ತಳ್ಳಿದಳು. ಅದೇ ಜನರೆದುರು ಅವನು ತಲೆ ತಗ್ಗಿಸಬೇಕು... ಅಷ್ಟೇ!

ವಾರ್ಷಿಕೋತ್ಸವಕ್ಕೆ ಮೇಷ್ಟ್ರುಗಳ ನಾಟಕ. ರಾಣಿಯನ್ನು ಕಾಡಿಗಟ್ಟಿದ ರಾಜನ ಪಾತ್ರವನ್ನು ಅವನಿಗೇ ಕೊಟ್ಟಳು. ಬೇಕೆಂದೇ ಉದ್ದುದ್ದ ಮಾತು ಬರೆದಳು.

"ಇಷ್ಟೆಲ್ಲ ನಂಗೆ ನೆನಪಿರಲ್ಲ ಟೀಚರ್."

"ಹೆದರ್ಬೇಡಿ. ಪರದೆ ಹಿಂದಿಂದ ಹೇಳ್ಕೊಡ್ತೀನಿ."

"ನೀವಿರ್ತೀರಲ್ಲ... ಧೈರ್ಯ ಬಂತು."

ನಾಟಕದ ಸಂಜೆ ಬಯಲು ಕಿಕ್ಕಿರಿದಿತ್ತು. ಕೊನೆಯ ದೃಶ್ಯ. ರಾಜ ಅಳುತ್ತಾ ರಾಣಿಯನ್ನು ಕರೆಯಬೇಕು. ವೆಂಕಟಸ್ವಾಮಿ ತಡವರಿಸಿದ. ಪರದೆಯ ಕಡೆ ನೋಡಿದ.

ಅನಸೂಯ ತುಟಿ ಬಿಗಿದಳು.

"ಮುಂದುಕ್ಕೆ ಯೋಳ್ಲಾ ರಾಜಾ!" ಜನ ಕೂಗಿದರು. ಶಿಳ್ಳೆ... ಕೇಕೆ... ಅವನ ಹಣೆಯ ಬಣ್ಣ ಬೆವರಿಗೆ ಕರಗಿತು.

ಅನುಭವಿಸು... ಇನ್ನೂ ಅನುಭವಿಸು!

ಪರದೆ ಎಳೆಯಲು ನಿಂತಿದ್ದ ಅವಳಪ್ಪ ಮಾದಯ್ಯ ಗಾಬರಿಯಾದ. "ಯೋಳ್ಕೊಡವ್ವಾ! ಯಾಕ್ ಸುಮ್ಕೆ ನಿಂತಿದ್ದಯ್ಯೆ?"

"ನನ್ನ ಪಾರ್ಟು ಕಿತ್ಕೊಂಡೋರಿಗೆ ನಾನ್ಯಾಕಪ್ಪ ಹೇಳ್ಕೊಡ್ಲಿ?"

ಮಾದಯ್ಯನ ಮುಖ ಇಳಿಯಿತು. "ಕಿತ್ಕಂಡೋನು ಅವನಲ್ಲ ಕಣವ್ವ... ನಾನು. ನೀನು ಸ್ಟೇಜ್ ಅತ್ತುದ್ರೆ ಇಸ್ಕೂಲ್ ಬುಡ್ಸಿ ಮದ್ವೆ ಮಾಡ್ಬುಡ್ತೀನಿ ಅಂತ ಅವನ್ಗೆ ಅಂದಿದ್ದೆ. ನನ್ನೆಸ್ರು ಎತ್ಬೇಡ ಅಂತ ಬೆಟ್ಟದ ಮಾದಪ್ಪನ ಮ್ಯಾಲೆ ಆಣೆ ಮಾಡಿಸ್ಕಂಡಿದ್ದೆ."

ಅವಳು ರಂಗದತ್ತ ತಿರುಗಿದಳು. ಇಷ್ಟು ವರ್ಷ... ನಾನು ದ್ವೇಷ ಸಾಧಿಸಿದ್ದು ಯಾರ ಮೇಲೆ!

ಮಾತು ಹೇಳಿಕೊಡಲು ಬಾಯಿ ತೆರೆದಳು. ಕೇಕೆಯಲ್ಲಿ ದನಿ ಮುಳುಗಿತು. ರಾಣಿಯ ವೇಷದಲ್ಲಿ ಕಾಯುತ್ತಿದ್ದ ಡ್ರಾಯಿಂಗ್ ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ, ಸೆರಗು ಬಿಗಿದು, ಅನಸೂಯ ತಾನೇ ರಂಗಕ್ಕೆ ನಡೆದಳು.

ಬಯಲು ಸ್ತಬ್ಧವಾಯಿತು.

"ಮಹಾರಾಜ, ನೀವು ಕರೆಯದಿದ್ದರೂ ಬಂದೆ. ನಿಮ್ಮನ್ನು ತಪ್ಪು ತಿಳಿದೆ. ಶಿಕ್ಷೆ ಕೊಡಿ."

ನಾಟಕದಲ್ಲಿ ಆ ಮಾತೇ ಇರಲಿಲ್ಲ. ವೆಂಕಟಸ್ವಾಮಿಯ ಕಣ್ಣು ತುಂಬಿತು.

"ಶಿಕ್ಷೆ ಬೇಡ ರಾಣಿ... ಇನ್ನು ನನ್ನ ಬಿಟ್ಟು ಹೋಗಬೇಡ."

ಚಪ್ಪಾಳೆಯ ನಡುವೆ ಮಾದಯ್ಯ ಪರದೆ ಎಳೆದ.

"ನಾನು ಬೇಕಂತಲೇ ಸುಮ್ನಿದ್ದೆ," ಎಂದಳು ಅವಳು, ತಲೆ ತಗ್ಗಿಸಿ.

"ಗೊತ್ತಾಯ್ತು."

"ಕೋಪ ಬರ್ಲಿಲ್ವಾ?"

"ಬಂತು. ನಾಳೆ ಜಗಳ ಆಡ್ತೀನಿ."

"ನಾಳೆ ಒಂದಿನಾನಾ?"

"ನೀನು ಒಪ್ಪಿದ್ರೆ... ಬದುಕಿರೋವರೆಗೂ, ಅನಸೂಯ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಆಡಿ ಮತ್ತೆ... ನಾನಂತೂ ಸೋಲಲ್ಲ!"