ಬೇಲಿಯಾಚೆ ಬಿದ್ದ ಕರಿಗಡುಬು

ಎಳ್ಳಮವಾಸ್ಯೆಯ ಮರುದಿನ ಬೆಳಿಗ್ಗೆ, ಪಾಮನಕಲ್ಲೂರಿನ ಹಂಪಣ್ಣನ ಹೊಲದಲ್ಲಿ ಮೂರು ನಾಯಿಗಳು ಸತ್ತು ಬಿದ್ದಿದ್ದವು. ಬಾಯಲ್ಲಿ ನೊರೆ. ಕಾಲು ಸೆಟೆದಿದ್ದವು. ಒಂದರ ಮುಂದೆ ಕಾರಿಕೊಂಡ ಕರಿಗಡುಬಿನ ಚೂರು.

ನನಗಂತೂ ಎಳ್ಳಷ್ಟೂ ದುಃಖವಾಗಲಿಲ್ಲ. ನಾನು ಠಾಣೆಯ ಜವಾನ ಜಂಗ್ಲಿಸಾಬ್. ಹೋದ ವರ್ಷ ಈ ಹೊಲ ದಾಟುವಾಗ ನನ್ನ ಸರ್ಕಾರಿ ಚಡ್ಡಿಯನ್ನು ಹರಿದು ಹಾಕಿದ್ದು ಇವೇ ನಾಯಿಗಳು. ಆದರೆ ಸತ್ತದ್ದು ದೊಡ್ಡ ಮನುಷ್ಯನ ನಾಯಿ. ಠಾಣೆಯ ಮುಖ್ಯಸ್ಥರಾದ ಅಮೀನ ಕರಿಬಸಯ್ಯನವರೇ ಎದ್ದು ಬರಬೇಕಾಯಿತು.

ಹಂಪಣ್ಣ ಬೇಲಿಯಾಚೆಯ ಗುಡಿಸಲಿಗೆ ಬೆರಳು ತೋರಿಸಿದ.

“ಆಕೀನ ಹಾಕ್ಯಾಳ್ರೀ! ನಿನ್ನೆ ಚರಗ ಚೆಲ್ಲೂ ನೆವಾ ಮಾಡಿ, ಕಡುಬಿನಾಗ ಪಾಷಾಣ ಇಟ್ಟು ಒಗದಾಳ. ಆಕೀನ್ನ ಜೇಲಿಗೆ ಹಾಕ್ರಿ. ನನ್ನ ಹೊಲಾ ಬಿಡಸ್ರಿ.”

ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆಂದು ಬೆಳೆಯ ಮೇಲೆ ಅಡುಗೆ ಎರಚುವುದೇ ಚರಗ. ಹಕ್ಕಿ ತಿನ್ನುತ್ತವೆ, ನಾಯಿಯೂ ತಿನ್ನುತ್ತದೆ. ಮಾತು ನಂಬುವಂತೆಯೇ ಇತ್ತು.

ಗುಡಿಸಲಿನಲ್ಲಿದ್ದವಳು ಮುದುಕಮ್ಮ. ಹಂಪಣ್ಣನ ಗೇಣಿದಾರ ಗಾಳೆಪ್ಪನ ಹೆಂಡತಿ. ಉಳುವವನನ್ನು ಸುಮ್ಮನೆ ಒಕ್ಕಲೆಬ್ಬಿಸಬಾರದೆಂದು ಹೊಸ ಗೇಣಿ ಕಾಯಿದೆ ಬಂದದ್ದೇ ತಡ, ಹಂಪಣ್ಣ ಈ ನಾಯಿಗಳನ್ನು ತಂದು ಬೇಲಿಯ ಬಾಯಲ್ಲಿ ಬಿಟ್ಟಿದ್ದ. ಹಳ್ಳಕ್ಕೆ ನೀರಿಗೆ ಹೋಗಲು ಅವರಿಗೆ ಬೇರೆ ದಾರಿಯಿರಲಿಲ್ಲ. ದಸರೆಯ ಮುಂದೆ ನಾಯಿಗಳು ಗಾಳೆಪ್ಪನನ್ನು ಕೆಡವಿದವು. ಗಾಯ ಕೊಳೆತು ಸತ್ತ. ಹಂಪಣ್ಣನ ಮೇಲೆ ಫಿರ್ಯಾದು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ನಾಯಿಗಳಿಗೆ ಫಿರ್ಯಾದಿ ಸಿಕ್ಕಿದ್ದ!

ಮುದುಕಮ್ಮ ಬಾಗಿಲಲ್ಲೇ ನಿಂತಿದ್ದಳು. ಸೆರಗು ಹಿಡಿದು ಮಗಳು ಪಾರ್ವತಿ.

“ನಿನ್ನೆ ಚರಗ ಚೆಲ್ಲಿದೇನವ್ವಾ?” ಅಮೀನರು ಕೇಳಿದರು.

“ಇಲ್ರೀ.”

“ನಾಯಿಗೆ ಕಡುಬು ಒಗದೇನು?”

ಅವಳು ನೆಲ ನೋಡಿದಳು. “ಒಗದೀನ್ರಿ.”

“ಕೇಳಿದ್ರಿಲ್ಲ!” ಹಂಪಣ್ಣ ಹಾರಿಬಿದ್ದ. “ಬಾಯಿ ಬಿಟ್ಟು ಹೇಳ್ಯಾಳ!”

“ಪಾಷಾಣ ಇಟ್ಟಾಕಿ ನೀನೇನು?”

“ನನಗ ಗೊತ್ತಿಲ್ರೀ... ಆಣಿ ಮಾಡ್ತೀನಿ.”

“ಕಡುಬು ಎಲ್ಲಿಂದ ಬಂತು?”

ಬೇಲಿಯ ಬಳಿ ಹಂಪಣ್ಣನ ಹೆಂಡತಿ ಬಸವಣ್ಣೆಮ್ಮ ನಿಂತಿದ್ದರು. ಮುದುಕಮ್ಮ ಅವರ ಕಡೆ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು. ಇವಳ ಕಥೆ ಮುಗಿಯಿತು ಎಂದುಕೊಂಡೆ. ತಾಯಿ ಜೇಲಿಗೆ ಹೋದರೆ ಆ ಹುಡುಗಿಯ ಗತಿ? ಹೊಲವೂ ಹೋದಂತೆಯೇ.

ಅಮೀನರು ಬಾಗಿ ಗುಡಿಸಲೊಳಗೆ ಹೋದರು. ಒಲೆ ನೋಡಿದರು. ಮೂಲೆಯಲ್ಲಿ ಬೋರಲು ಹಾಕಿದ್ದ ಬಾಣಲೆಯನ್ನು ಎತ್ತಿ, ಒಳಗೆ ಬೆರಳಾಡಿಸಿದರು. ಬೆರಳಿಗೆ ತುಕ್ಕು ಮೆತ್ತಿಕೊಂಡಿತು. ಹೊರಗೆ ಬಂದವರೇ ಬಸವಣ್ಣೆಮ್ಮನವರ ಎದುರು ನಿಂತರು.

“ತಾಯೀ, ಕಡುಬು ನಿಮ್ಮ ಮನೀವು. ಹೌದಲ್ರಿ?”

“ಹೌದ್ರಿ. ನಾನ ಕೈಯಾರ ಒಯ್ದು ಕೊಟ್ಟೀನಿ. ಸತ್ತ ಮನ್ಯಾಗ ಹಬ್ಬ ಇರಂಗಿಲ್ಲ. ನೆರಿಯವ್ರು ಕೊಡಬೇಕಲ್ರಿ?”

“ನೀ ಒಳಗ ನಡಿ ಲೇ!” ಹಂಪಣ್ಣ ಗದರಿದ.

“ಇರ್ಲಿ. ಕಡುಬು ತಗದು ಕಟ್ಟಿದಾಕಿ ನೀವೇನ್ರಿ?”

“ಇಲ್ರೀ. ನಮ್ಮ ಯಜಮಾನ್ರು ಅಡಗಿಮನಿಗೆ ಬಂದು, ಅರಿವ್ಯಾಗ ಗಂಟು ಕಟ್ಟಿ ತಂದ್ರು. ಬಿಚ್ಚಬ್ಯಾಡ, ಹಂಗ ಕೊಟ್ಟು ಬಾ ಅಂದ್ರು. ದೇವ್ರು ಕಡೀಕೂ ಇವ್ರಿಗೆ ಬುದ್ಧಿ ಕೊಟ್ಟ ಅಂತ ಖುಷಿ ಆಗಿತ್ರಿ ನನಗ.”

ಹಂಪಣ್ಣನ ಮುಖ ನೋಡಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಇವನು ಪಂಚೆಯ ಗಂಟನ್ನೇ ಮುಟ್ಟಿಕೊಳ್ಳುತ್ತಿದ್ದ.

“ಜಂಗ್ಲಿಸಾಬ್, ಕೇಳು,” ಅಮೀನರು ನನ್ನ ಕಡೆ ತಿರುಗಿದರು. “ನಾವೆಲ್ಲಾರೂ ಸತ್ತ ನಾಯಿ ನೋಡಿದ್ವಿ, ಸತ್ತ ಮನಿ ನೋಡಲಿಲ್ಲ. ವರ್ಷ ತುಂಬೂತನಕ ಅಂಥಾ ಮನ್ಯಾಗ ಎಣ್ಣಿ ಬಾಣಲಿ ಒಲಿ ಮ್ಯಾಲ ಏರಂಗಿಲ್ಲ. ಚರಗಾನೂ ಇಲ್ಲ. ಮತ್ತ ಕರದ ಕಡುಬು ಎಲ್ಲಿಂದ ಬರಬೇಕು? ಮಗ್ಗಲಮನಿಯಿಂದ! ಅದs ಬಾಣಲ್ಯಾಗಿನ ಕಡುಬು ಹಂಪಣ್ಣನ ಮನಿ ಮಂದಿ ಎಲ್ಲಾ ತಿಂದಾರ, ಗಟ್ಟಿಮುಟ್ಟಾಗಿ ಅದಾರ. ಅಂದ್ರ ಪಾಷಾಣ ಬಿದ್ದಿದ್ದು ಗಂಟು ಕಟ್ಟೂ ಹೊತ್ತಿನ್ಯಾಗ. ಈಕೀನ ಇಟ್ಟಿದ್ರ ಒಗದೀನಿ ಅಂತ ಒಪ್ಕೊತಿದ್ದಿಲ್ಲ; ಕಟ್ಟಿದಾತ, ಬಿಚ್ಚಬ್ಯಾಡ ಅಂದಾತ ಒಬ್ಬನ.”

“ನನ್ನ ನಾಯಿ ನಾನ ಕೊಲ್ತೀನೇನ್ರಿ?” ಹಂಪಣ್ಣನ ದನಿ ಒಡೆಯಿತು.

“ನಾಯಿಗಲ್ಲೋ ಹಂಪಣ್ಣಾ! ಆ ಗಂಟು ಈ ತಾಯಿ-ಮಗಳಿಗೆ. ಅವ್ರು ಹೋದ್ರ ಗೇಣಿ ಹಕ್ಕು ಕೇಳವ್ರು ಯಾರದಾರ? ಹೆಂಡತಿ ಕೈಲೆ ಕಳಿಸಿದಿ — ಆಕೀ ಮುಖ ನೋಡಿ ತಗೊಂತಾರ ಅಂತ. ಬೆಳಿಗ್ಗಿ ಎದ್ದು ನೋಡಿದ್ರ ಅವ್ರು ಬದುಕ್ಯಾರ, ನಾಯಿ ಸತ್ತಾವ. ಹೋಗ್ಲಿ, ಅದರ ಮ್ಯಾಲರ ಹೊಲಾ ಬಿಡಸೂಣು ಅಂತ ಠಾಣಾಕ್ಕ ಓಡಿ ಬಂದಿ.”

ಬೇಡಿ ಹಾಕುವಾಗ ಹಂಪಣ್ಣನ ಕೈ ತಾನಾಗಿ ಮುಂದೆ ಬಂತು.

“ಮೊದಲ ಯಾಕ ಹೇಳಲಿಲ್ಲವ್ವಾ?” ನಾನು ಮುದುಕಮ್ಮನನ್ನು ಕೇಳಿದೆ.

“ಅಕ್ಕಾರು ಪ್ರೀತೀಲೆ ಕೊಟ್ಟಿದ್ರಿ. ಅದನ್ನ ನಾಯಿಗೆ ಒಗದೀನಿ ಅಂತ ಅವರೆದುರು ಹೆಂಗ ಹೇಳ್ಲಿ? ಗಂಡನ್ನ ತಿಂದ ಮನೀ ತುತ್ತು ಗಂಟಲದಾಗ ಇಳೀಲಿಲ್ರಿ...”

ಬಸವಣ್ಣೆಮ್ಮ ಅಲ್ಲೇ ಬದುವಿನ ಮೇಲೆ ಕುಸಿದರು. ಎರಡೂ ಅಂಗೈಗಳನ್ನು ಮಣ್ಣಿಗೆ ಉಜ್ಜುತ್ತಲೇ ಇದ್ದರು.

ಮುದುಕಮ್ಮ ಮಾತ್ರ ಅಳಲಿಲ್ಲ. ಮಗಳನ್ನು ಮುಂದೆ ಎಳೆದು, ಅವಳ ಕೆನ್ನೆಯನ್ನು ಬೆಳಕಿಗೆ ತಿರುಗಿಸಿದಳು. ಬಾಸುಂಡೆ ಇನ್ನೂ ಇಳಿದಿರಲಿಲ್ಲ.

“ಒಂದ ಒಂದು ಕಡುಬು ಕೊಡಬೇ ಅಂತ ಕಾಲು ಹಿಡಕೊಂಡಿತ್ರಿ ಕೂಸು,” ಅಂದಳು. “ನಾ ಹೊಡದೀನಿ.”