ಮಾಸ್ತಮ್ಮನ ಬಳೆ

"ಕೈ ತೆಗೀರಿ!"

ಮಾತಿನ ಹಿಂದೆಯೇ ಮಣ್ಣಿನ ಹೆಂಟೆಯೊಂದು ಬಂದು ಪೃಥ್ವಿರಾಜನ ಹಣೆಗೆ ಬಡಿಯಿತು. ರಕ್ತ ಜಿನುಗಿತು.

ಎಸೆದವಳು ಪ್ರತಿಭಾ. ಕೊಣನೂರಿನ ಅವಳ ಮನೆಯ ಹೊಲದಲ್ಲಿದ್ದ ಮಾಸ್ತಿಕಲ್ಲಿನ ಅರಿಶಿನ ಕುಂಕುಮವನ್ನು ಹಾಸನದ ಈ ಇತಿಹಾಸ ಮೇಷ್ಟ್ರು ಕೆತ್ತನೆ ಕಾಣಲೆಂದು ಬ್ರಷ್ಷಿನಲ್ಲಿ ಉಜ್ಜಿ ತೆಗೆಯುತ್ತಿದ್ದ. ಕಲ್ಲಿನಲ್ಲಿ ಮೇಲೆತ್ತಿದ ಒಂದು ಕೈ, ಕೈತುಂಬ ಬಳೆ. ಗಂಡನ ಚಿತೆಗೆ ಹಾರಿದ ಆ ಮನೆತನದ ಹಿರಿಯಜ್ಜಿ, ಮಾಸ್ತಮ್ಮ. ವರ್ಷಕ್ಕೊಮ್ಮೆ ಮನೆಯವರು ಹೊಸ ಬಳೆ ಇಟ್ಟು ಕೈಮುಗಿಯುತ್ತಾರೆ.

"ಪ್ರೀತಿ ಅನ್ನೋದು ಹುಟ್ಟಿದ್ದೇ ಈ ಮಾಸ್ತಮ್ಮನಿಂದ ಅಂತಾರೆ ನಮ್ಮಜ್ಜಿ."

ಅವನು ಹಣೆ ಒರೆಸಿಕೊಂಡ. "ಅಂಗಂತ ಕೆತ್ತಿಸಿದೋರು ಗಂಡಸರು ಕಣ್ರೀ. ಬೆಂಕಿಗೆ ಬೀಳ್ತೀಯಾ ಅಂತ ಇವಳನ್ನ ಯಾರಾದ್ರೂ ಕೇಳಿದ್ರಾ?"

ಎಂಥಾ ಕಲ್ಲೆದೆಯವನಪ್ಪಾ ಇವನು ಅಂದುಕೊಂಡಳು. ಆದರೆ ಆ ಪ್ರಶ್ನೆ ನಿದ್ದೆಗೆಡಿಸಿತು. ಉತ್ತರ ಹುಡುಕಲು ಹಾಸನದ ಲೈಬ್ರರಿಗೆ ಹೋದಳು... ಆಮೇಲಾಮೇಲೆ ಅವನನ್ನು ನೋಡಲೆಂದೇ ಹೋದಳು. ಶೆಟ್ಟಿಹಳ್ಳಿಯ ಹಿನ್ನೀರಿನ ಪಾಳು ಚರ್ಚಿನ ನೆರಳಲ್ಲಿ ಧೈರ್ಯ ಮಾಡಿ, "ನನ್ನ ಪ್ರೀತಿಸ್ತೀರಾ?" ಎಂದು ಕೇಳಿದರೆ ಆಸಾಮಿ ನೀರು ನೋಡುತ್ತ ಕೂತ. ಪ್ರೀತಿಯನ್ನೇ ನಂಬದವನಿಗೆ ಮನಸ್ಸು ಕೊಟ್ಟೆನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಸುದ್ದಿ ಅಣ್ಣ ಶಿವರಾಜುವಿಗೆ ಮುಟ್ಟಿತು. ಹುಡುಗ ದಲಿತ ಕೇರಿಯ ಚೆನ್ನಯ್ಯನ ಮಗ ಎಂಬುದೂ ಮುಟ್ಟಿತು. ಮಾತಾಡೋಣ ಬಾ ಎಂದು ಪೃಥ್ವಿರಾಜನನ್ನು ಹೊಲಕ್ಕೆ ಕರೆಸಿ, ಅದೇ ಕಲ್ಲಿನ ಮುಂದೆ ದೊಣ್ಣೆ ಎತ್ತಿದ. ಮೊದಲ ಏಟಿಗೇ ತೋಳಿನ ಮೂಳೆ ಲಟಕ್ಕೆಂದಿತು. ಬಾಯಲ್ಲಿ ರಕ್ತ ಕಾರಿಕೊಂಡು ಬಿದ್ದರೂ ಬಿಡಲಿಲ್ಲ ಆ ಪಾಪಿ.

ಪ್ರತಿಭಾ ಓಡಿಬಂದು ಅವನ ಮೇಲೆ ಅಡ್ಡಲಾಗಿ ಬಿದ್ದಳು. ಮುಂದಿನ ಏಟು ಅವಳ ಮುಂಗೈಗೆ ಬಿತ್ತು. ಗಾಜಿನ ಬಳೆಗಳು ಚೂರಾಗಿ ಚರ್ಮಕ್ಕೆ ನಾಟಿಕೊಂಡವು.

"ಪ್ರೀತಿ ಮಾಡಿದ್ಲು ಅಂತ ಇವಳಿಗೆ ಬಳೆ ಇಡ್ತೀಯ. ನಾನ್ ಮಾಡುದ್ರೆ ದೊಣ್ಣೆಯಾ, ಅಣ್ಣ? ಒಡಿ. ಇವ್ರು ಸತ್ರೆ ನಾನೂ ಇಲ್ಲೇ ಸಾಯ್ತೀನಿ."

"ಬ್ಯಾಡ..." ಮಣ್ಣಿನಲ್ಲಿ ಬಿದ್ದಿದ್ದವನು ಉಸಿರೆಳೆದುಕೊಂಡ. "ನಾನ್ ಸತ್ರೂ ನೀನ್ ಬದುಕ್ಬೇಕು ಕಣೇ. ನನ್ ಪ್ರೀತಿ ಅಂದ್ರೆ ಅಷ್ಟೇಯ."

ಶಿವರಾಜು ರಕ್ತ ಸುರಿಯುತ್ತಿದ್ದ ತಂಗಿಯ ಕೈ ನೋಡಿದ, ಕಲ್ಲಿನ ಕೈ ನೋಡಿದ. ದೊಣ್ಣೆ ಜಾರಿ ಬಿತ್ತು. ಸಂಜೆ ಪೊಲೀಸರು ಬಂದಾಗಲೂ ಅವನು ಅಲ್ಲೇ ಕುಕ್ಕರಿಸಿದ್ದ.

ಹಾಸನದ ಆಸ್ಪತ್ರೆಯಲ್ಲಿ ಪೃಥ್ವಿರಾಜನ ತೋಳಿಗೆ ಪಟ್ಟಿ, ಇವಳ ಕೈಗೆ ಹೊಲಿಗೆ.

"ಚರ್ಚ್ ಹತ್ರ ಕೇಳಿದಾಗ್ಲೇ ಯಾಕೆ ಹೇಳ್ಲಿಲ್ಲ?"

"ನಿಮ್ಮನೇಲಿ ಪ್ರೀತಿ ಅಂದ್ರೆ ಸಾಯೋದು. ಎದರ್ಕೊಂಬುಟ್ಟೆ."

ಅವಳು ಕಣ್ಣೊರೆಸಿಕೊಂಡಳು. "ಅಂಗಾದ್ರೆ ಪ್ರೀತಿ ಹುಟ್ಟಿದ್ದು ಯಾವಾಗ, ಮೇಷ್ಟ್ರೇ?"

ಅವನು ನೆಟ್ಟಗಿದ್ದ ಕೈಯಿಂದ ಹಣೆಯ ಹಳೇ ಕಲೆ ಮುಟ್ಟಿಕೊಂಡ.

"ನಿನ್ ಮಣ್ಣೆಂಟೆ ಬಿತ್ತಲ್ಲ... ಆವಾಗ."